ಮುತ್ತಿಗೆಯೊಳಗೊಂದು ಹಬ್ಬದೂಟ

ಹಬ್ಬವೆಂದರೆ ಮೊದಲು ನೆನಪಾಗುವುದು ಊಟ. ಪೂಜೆ ತುಸು ತಡವಾದರೆ ಸೈರಿಸುವ ನಾವು, ಎಲೆಗೆ ಬರಬೇಕಾದ ಭಕ್ಷ್ಯವೊಂದು ತಪ್ಪಿದರೆ ಸೈರಿಸುವವರಲ್ಲ. ಇದು ನಮ್ಮ ನಾಡಿನ ಮಾತು ಮಾತ್ರವಲ್ಲ. ಅಡುಗೆಯನ್ನು ಕಲೆಗಳ ಸಾಲಿನಲ್ಲಿ ಕೂರಿಸಿದ ಫ್ರೆಂಚರು, ಶತ್ರುಸೈನ್ಯ ತಮ್ಮ ರಾಜಧಾನಿಯನ್ನು ಸುತ್ತುವರಿದಿದ್ದಾಗಲೂ ಹಬ್ಬದೂಟವನ್ನು ಬಿಡಲಿಲ್ಲ.

1870ರ ಸೆಪ್ಟೆಂಬರಿನಲ್ಲಿ ಪ್ರಷ್ಯದ ಸೇನೆ ಪ್ಯಾರಿಸಿಗೆ ಮುತ್ತಿಗೆ ಹಾಕಿತು. ಹೊರಗಿನಿಂದ ಧಾನ್ಯವಿಲ್ಲ, ದನಕರುಗಳಿಲ್ಲ. ಜನ ಮೊದಲು ಕುದುರೆಗಳನ್ನು ತಿಂದರು. ಆಮೇಲೆ ನಾಯಿ, ಬೆಕ್ಕು, ಇಲಿಗಳ ಸರದಿ ಬಂತು. ಮೇವಿಲ್ಲದ ಮೃಗಾಲಯದ ಪ್ರಾಣಿಗಳೂ ಕಸಾಯಿಯವರ ಪಾಲಾದವು. ಇಂಥ ಕಾಲದಲ್ಲಿ ಕ್ರಿಸ್‌ಮಸ್ ಬಂದಿತು. ಸಾಂತ್ ಒನೊರೆ ಬೀದಿಯ ವ್ವಾಜಾಂ ಎಂಬ ಹೆಸರಾಂತ ಭೋಜನಶಾಲೆಯಲ್ಲಿ ಅಂದು ಬಡಿಸಿದ ಊಟದ ಪಟ್ಟಿ ಇಂದಿಗೂ ಉಳಿದಿದೆ. ಅದರ ನೆತ್ತಿಯ ಮೇಲೆ ‘ಮುತ್ತಿಗೆಯ 99ನೆಯ ದಿನ’ ಎಂಬ ಒಕ್ಕಣೆಯುಂಟು.

ಮೊನ್ನೆ ಪುಸ್ತಕವೊಂದರಲ್ಲಿ ಆ ಪಟ್ಟಿಯ ಪ್ರತಿ ನನ್ನ ಕಣ್ಣಿಗೆ ಬಿತ್ತು. ಮಸಾಲೆ ತುಂಬಿದ ಕತ್ತೆಯ ತಲೆ, ಆನೆಯ ತಿಳಿಸಾರು, ಇಂಗ್ಲಿಷ್ ರೀತಿಯಲ್ಲಿ ಸುಟ್ಟ ಒಂಟೆ, ಕಾಂಗರೂ ಪಲ್ಯ, ಮೆಣಸಿನ ರಸದೊಡನೆ ಕರಡಿಯ ಪಕ್ಕೆ, ತೋಳನ ತೊಡೆ! ಬೆಣ್ಣೆಯಲ್ಲಿ ಬೆಂದ ಹಸಿರು ಬಟಾಣಿಯೂ ಕೊನೆಯಲ್ಲೊಂದು ಅಕ್ಕಿಯ ಸಿಹಿಯೂ ಇರದಿದ್ದರೆ, ಅನ್ನ ಸಾರಿನ ನನ್ನಂಥವನು ಆ ಪಂಕ್ತಿಯಿಂದ ಉಪವಾಸವೇ ಏಳಬೇಕಾಗಿತ್ತು. ಎಲ್ಲಕ್ಕೂ ಮಿಗಿಲಾದದ್ದು ‘ಇಕ್ಕೆಲದಲ್ಲಿ ಇಲಿಗಳೊಡನೆ ಬೆಕ್ಕು’ ಎಂಬ ಭಕ್ಷ್ಯ. ನಮ್ಮ ಕವಿಗಳು ಸಾಮಂತರ ನಡುವೆ ಒಡ್ಡೋಲಗಗೊಟ್ಟ ಅರಸನನ್ನು ವರ್ಣಿಸುವ ಗತ್ತು ಆ ಮಾತಿನಲ್ಲಿದೆ.

ಈ ಪಟ್ಟಿಯನ್ನು ಹವಣಿಸಿದವನು ಶೊರಾನ್ ಎಂಬ ಬಾಣಸಿಗ. ಅವನ ಹೆಸರು ಹೊತ್ತ ಟೊಮೇಟೊ ಬೆರೆತ ವ್ಯಂಜನವೊಂದು ಫ್ರೆಂಚ್ ಅಡುಗೆಯಲ್ಲಿ ಈಗಲೂ ಬಳಕೆಯಲ್ಲಿದೆ. ಅವನನ್ನು ಹಳಿಯುವುದು ಸುಲಭ. ಆದರೆ ನನಗೆ ಹಾಗೆ ಮಾಡಲು ಮನಸ್ಸಾಗದು. ಕೈಗೆ ಸಿಕ್ಕಿದ್ದು ಇಲಿಯಾದರೂ ಅದನ್ನು ಹದವರಿತು ಬೇಯಿಸಿ, ಹೆಸರಿಟ್ಟು, ತಟ್ಟೆಯಲ್ಲಿ ಒಪ್ಪವಾಗಿ ಇಡುವವನು ತನ್ನ ಕಸುಬಿನ ಮಾನವನ್ನು ಕಾಯುತ್ತಾನೆ. ತೋಪುಗಳು ಅದನ್ನು ಕಸಿಯಲಾರವು.

ಆದರೆ ಊಟಕ್ಕೆ ಕುಳಿತವರು? ಅದೇ ಪಟ್ಟಿಯಲ್ಲಿ 1846ರ ಮೂತಾನ್ ರಾತ್‌ಶೀಲ್ಡ್, 1858ರ ರೊಮಾನೆ ಕಾಂತಿ, 1827ರ ಪೋರ್ಟ್ ಮದ್ಯಗಳ ಹೆಸರುಗಳಿವೆ. ಮಾಂಸಕ್ಕೆ ಬರ ಬಂದಿತ್ತು, ನೆಲಮಾಳಿಗೆಗೆ ಬಂದಿರಲಿಲ್ಲ. ‘ಹಸಿವು ರುಚಿಯನ್ನರಿಯದು’ ಎಂಬುದು ನಮ್ಮವರ ಗಾದೆ. ಒಂಟೆಯನ್ನು ಯಾವ ದೇಶದ ರೀತಿಯಲ್ಲಿ ಸುಡಬೇಕೆಂಬ ವಿಚಾರ ಉಳಿದಿದ್ದ ಆ ಮೇಜಿನವರೆಗೆ ಹಸಿವು ಇನ್ನೂ ಬಂದಿರಲಿಲ್ಲವೆಂದೇ ಹೇಳಬೇಕು.

ಅದೇ ವ್ವಾಜಾಂನಲ್ಲಿ ಡಿಸೆಂಬರ್ 31ರ ರಾತ್ರಿ ಲೇಖಕ ಎಡ್ಮಂಡ್ ಗಾಂಕೂರ್ ಆನೆಯ ರಕ್ತದಿಂದ ಮಾಡಿದ ಖಾದ್ಯವನ್ನುಂಡನು. ಅಂದೇ ಮಾಂಸದಂಗಡಿಯೊಂದರ ಗೋಡೆಯ ಮೇಲೆ ತೂಗಿದ್ದ ಸೊಂಡಿಲನ್ನು ಕಂಡುದಾಗಿ ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಅದು ಮೃಗಾಲಯದ ಪೊಲಕ್ಸ್ ಎಂಬ ಆನೆಯದು. ಕ್ಯಾಸ್ಟರ್ ಮತ್ತು ಪೊಲಕ್ಸ್, ಗ್ರೀಕ್ ಪುರಾಣದ ಅಗಲದ ಅಣ್ಣತಮ್ಮಂದಿರ ಹೆಸರಿನ ಜೋಡಿ. ಮಕ್ಕಳನ್ನು ಬೆನ್ನ ಮೇಲೆ ಹೊತ್ತು ತಿರುಗಿದ್ದ ಪ್ರಾಣಿಗಳು. ಗಾಂಕೂರನೂ ಅಂಥದೇ ಜೋಡಿಯ ಉಳಿದ ಒಬ್ಬ. ತಮ್ಮ ಜ್ಯೂಲನೊಡನೆ ಕೂಡಿ ಬರೆಯುತ್ತಿದ್ದ ದಿನಚರಿಯನ್ನು, ಆ ವರ್ಷದ ಜೂನಿನಲ್ಲಿ ತಮ್ಮ ತೀರಿಕೊಂಡ ಮೇಲೆ, ಅವನೊಬ್ಬನೇ ಬರೆಯತೊಡಗಿದ್ದನು. ಹೊಸವರ್ಷದ ಹಿಂದಿನ ರಾತ್ರಿಯ ಆ ತುತ್ತು ಹೇಗೆ ಗಂಟಲಲ್ಲಿಳಿಯಿತೋ ವಾಚಕರೇ ಊಹಿಸಿಕೊಳ್ಳಲಿ.

ಮುಂದಿನ ಜನವರಿಯಲ್ಲಿ ಪ್ಯಾರಿಸಿನ ವಯಸ್ಕನೊಬ್ಬನಿಗೆ ದಿನಕ್ಕೆ 300 ಗ್ರಾಂ ರೊಟ್ಟಿ ಎಂದು ಕಟ್ಟಳೆಯಾಯಿತು. ತೌಡು, ಓಟು ಬೆರೆತ ಕಪ್ಪು ರೊಟ್ಟಿ ಅದು. ಅದಕ್ಕಾಗಿ ಹೆಂಗಸರು ನಸುಕಿನ ಚಳಿಯಲ್ಲಿ ಅಂಗಡಿಗಳ ಮುಂದೆ ಸಾಲುಗಟ್ಟಿ ನಿಂತರು. ಜನವರಿ 28ರಂದು ಕದನವಿರಾಮಕ್ಕೆ ಸಹಿ ಬಿತ್ತು. ಕತ್ತೆಯ ತಲೆಯನ್ನೂ ಆನೆಯ ಸಾರನ್ನೂ ಲೋಕ ಇನ್ನೂ ನೆನೆಯುತ್ತಿದೆ. ಆ ಕಪ್ಪು ರೊಟ್ಟಿಯ ಊಟಕ್ಕೆ ಮಾತ್ರ ಯಾರೂ ಪಟ್ಟಿಯನ್ನು ಅಚ್ಚು ಹಾಕಿಸಲಿಲ್ಲ.