ನಿಮಗಿದು ಗೊತ್ತೆ? ಜಪಾನಿನಲ್ಲಿ ಹಲ್ಲುನೋವು ಬಂದರೆ...

ಜಪಾನಿನಲ್ಲಿ ಹಗಲಿರುಳು ತೆರೆದಿರುವ ಕನ್ವೀನಿಯನ್ಸ್ ಸ್ಟೋರ್‌ಗಳಿಗಿಂತ ಹಲ್ಲಿನ ಕ್ಲಿನಿಕ್‌ಗಳೇ ಹೆಚ್ಚು! ಅಂಗಡಿಗಳು ಸುಮಾರು 55 ಸಾವಿರವಾದರೆ, ಕ್ಲಿನಿಕ್‌ಗಳು 65 ಸಾವಿರಕ್ಕೂ ಮಿಕ್ಕಿವೆ.

* 3 ತಿಂಗಳಿಗಿಂತ ಹೆಚ್ಚು ಕಾಲ ನೆಲೆಸುವ ವಿದೇಶಿಯರೂ ಸಾಮಾನ್ಯವಾಗಿ ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮೆಗೆ ಸೇರಲೇಬೇಕು.

* ಹುಳುಕು ತುಂಬುವುದು, ರೂಟ್ ಕೆನಾಲ್, ಹಲ್ಲು ಕೀಳುವುದು ಎಲ್ಲವೂ ವಿಮೆಯ ವ್ಯಾಪ್ತಿಯಲ್ಲಿವೆ. 70 ದಾಟದ ವಯಸ್ಕರು ವೆಚ್ಚದ ಶೇ 30ರಷ್ಟನ್ನು ಕೊಟ್ಟರೆ ಸಾಕು.

* ವಿಮೆಯಡಿಯ ದರಪಟ್ಟಿಯನ್ನು ಸರ್ಕಾರವೇ ನಿಗದಿಪಡಿಸುತ್ತದೆ. ಟೋಕಿಯೊ ಮಹಾನಗರಕ್ಕೂ ಮೂಲೆಯ ಹಳ್ಳಿಗೂ ಒಂದೇ ಪಟ್ಟಿ.

* ಇಂಪ್ಲಾಂಟ್, ಹಲ್ಲು ಬಿಳುಪಾಗಿಸುವುದು, ವಯಸ್ಕರ ಹಲ್ಲಿನ ಕ್ಲಿಪ್ ಬಹುಮಟ್ಟಿಗೆ ವಿಮೆಯ ಹೊರಗಿವೆ. ಪೂರ್ತಿ ಹಣ ಕೈಯಿಂದಲೇ ಹೋಗುತ್ತದೆ.

* ಮೊದಲ ಭೇಟಿಯಲ್ಲೇ ಎಲ್ಲ ಮುಗಿಯುವುದು ಅಪರೂಪ. ಎಕ್ಸ್‌ರೇ, ವಸಡಿನ ತಪಾಸಣೆ, ಶುಚಿಗೊಳಿಸುವಿಕೆ, ಚಿಕಿತ್ಸೆ ಹೀಗೆ ಹಲವು ಭೇಟಿಗಳಲ್ಲಿ ಕೆಲಸ ಸಾಗುತ್ತದೆ.

* 80ನೇ ವಯಸ್ಸಿನಲ್ಲೂ ಸ್ವಂತದ 20 ಹಲ್ಲು ಉಳಿಯಲಿ ಎಂಬ ‘8020’ ಆಂದೋಲನ ಅಲ್ಲಿ 1989ರಲ್ಲಿ ಆರಂಭವಾಯಿತು. ಇಂದು 80ರ ಆಸುಪಾಸಿನ ಅರ್ಧಕ್ಕೂ ಹೆಚ್ಚು ಮಂದಿ ಆ ಗುರಿ ಮುಟ್ಟಿದ್ದಾರೆ.

ಅಲ್ಲಿಗೆ ಹೊಸದಾಗಿ ಹೋದವರು ಫೋನ್ ಮಾಡಿ ಸಮಯ ನಿಗದಿ ಮಾಡಿಕೊಳ್ಳಲಿ, ವಿಮೆಯ ದಾಖಲೆ ಒಯ್ಯಲಿ. ಚಿಕಿತ್ಸೆ ವಿಮೆಯ ಒಳಗೋ ಹೊರಗೋ ಎಂದು ಕುರ್ಚಿಗೆ ಒರಗುವ ಮೊದಲೇ ಕೇಳಿ ತಿಳಿಯಲಿ.