ಬಿಳಿ ಕೋಟಿನ ಇನ್ನೊಂದು ದಾರಿ: ವೈದ್ಯಕೀಯ ಸಹಾಯಕರ ತರಬೇತಿ ಮತ್ತು ವೃತ್ತಿ

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿ ನಮ್ಮ ವೃತ್ತಿ ಮಾರ್ಗದರ್ಶನ ಸಂವಾದಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ತಪ್ಪದೇ ಇರುತ್ತದೆ. “ಡಾಕ್ಟರ್ ಆಗುವಷ್ಟು ಅಂಕ ಬಂದಿಲ್ಲ. ಆಸ್ಪತ್ರೆಯಲ್ಲಿ ಬೇರೆ ಏನಾದರೂ ಕೆಲಸ ಸಿಗುತ್ತದೆಯೇ?” ಸಿಗುತ್ತದೆ. ಆದರೆ ‘ಬೇರೆ ಏನಾದರೂ’ ಎಂದು ನಾವು ಹಗುರವಾಗಿ ಹೇಳುವ ಕೆಲಸ ಅಷ್ಟು ಹಗುರವಾದುದಲ್ಲ ಎಂಬುದನ್ನು ಮೊದಲು ತಿಳಿಯಬೇಕು.

ಇದನ್ನು ನನಗೆ ಕಲಿಸಿದವರು ಒಬ್ಬ ಪ್ರಯೋಗಾಲಯ ತಂತ್ರಜ್ಞೆ. ಕೆಲವು ವರ್ಷಗಳ ಹಿಂದೆ ಒಂದು ಆಸ್ಪತ್ರೆಯಲ್ಲಿ ಚಿತ್ರೀಕರಣ ನಡೆಸುತ್ತಿದ್ದೆವು. ಅವರ ಕೈಯಲ್ಲಿದ್ದ ರಕ್ತದ ನಳಿಕೆಯ ಚೀಟಿಯಲ್ಲಿ ರೋಗಿಯ ಹೆಸರಿತ್ತು. ಹೆಸರು ಪರದೆಯ ಮೇಲೆ ಕಾಣಬಾರದೆಂದು “ಚೀಟಿ ಒಂದು ನಿಮಿಷ ತೆಗೆಯುತ್ತೀರಾ?” ಎಂದು ಕೇಳಿದೆ. ಅವರು ನಳಿಕೆಯನ್ನು ಮೆಲ್ಲನೆ ಸ್ಟ್ಯಾಂಡಿನಲ್ಲಿಟ್ಟರು. “ಬೇಕಾದರೆ ಖಾಲಿ ನಳಿಕೆ ಕೊಡುತ್ತೇನೆ. ಇದರ ಚೀಟಿ ಮಾತ್ರ ತೆಗೆಯುವುದಿಲ್ಲ” ಎಂದರು. ನಾನು ವಿಜ್ಞಾನ ಪದವೀಧರ. ಆದರೂ ಆ ಕ್ಷಣ ನನಗೆ ಹೊಳೆಯದ ವಿಷಯ ಅವರಿಗೆ ಅಭ್ಯಾಸವಾಗಿತ್ತು. ಎರಡು ನಳಿಕೆಗಳ ಚೀಟಿ ಅದಲುಬದಲಾದರೆ ಒಬ್ಬರ ರಕ್ತದ ಗುಂಪು ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಹೊಂದದ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಆಗ ಎಷ್ಟೇ ದೊಡ್ಡ ವೈದ್ಯರಿದ್ದರೂ ಅವರ ಮುಂದಿರುವುದು ತಪ್ಪು ವರದಿಯೇ.

ಯಾರು ಈ ಸಹಾಯಕರು?

ನಮ್ಮಲ್ಲಿ ‘ವೈದ್ಯಕೀಯ ಸಹಾಯಕ’ ಎಂಬ ಒಂದೇ ಹುದ್ದೆಯಿಲ್ಲ. ಪ್ರಯೋಗಾಲಯ ತಂತ್ರಜ್ಞರು, ಕ್ಷ-ಕಿರಣ ತಂತ್ರಜ್ಞರು, ಶಸ್ತ್ರಚಿಕಿತ್ಸಾ ಕೊಠಡಿ ತಂತ್ರಜ್ಞರು, ಡಯಾಲಿಸಿಸ್ ತಂತ್ರಜ್ಞರು, ನೇತ್ರ ಸಹಾಯಕರು, ವೈದ್ಯಕೀಯ ದಾಖಲೆ ನಿರ್ವಾಹಕರು ಮುಂತಾದವರನ್ನೆಲ್ಲ ಒಟ್ಟಾಗಿ ಅರೆವೈದ್ಯಕೀಯ ಸಿಬ್ಬಂದಿ ಎನ್ನುವುದು ರೂಢಿ. ಶುಶ್ರೂಷೆ ಮತ್ತು ಔಷಧ ಶಾಸ್ತ್ರ ಬೇರೆಯೇ ವೃತ್ತಿಗಳು. ಅವುಗಳಿಗೆ 1947 ಮತ್ತು 1948ರಲ್ಲೇ ಪ್ರತ್ಯೇಕ ಕಾಯ್ದೆಗಳು ಬಂದವು.

‘ಅರೆ’ ಎಂಬ ಪದದಿಂದ ಇದು ಅರ್ಧ ವೈದ್ಯಕೀಯ ಎಂದು ಭಾವಿಸಬೇಡಿ. ಈ ಕೆಲಸಗಳ ತಳಹದಿ ನಿಮ್ಮ ಪಠ್ಯಪುಸ್ತಕದಲ್ಲೇ ಇದೆ. ಮೂರು ಉದಾಹರಣೆ ನೋಡೋಣ.

ಮೊದಲನೆಯದು ರಕ್ತ ಪರೀಕ್ಷೆ. ರಕ್ತ ತೆಗೆಯುವ ನಳಿಕೆಗಳ ಮುಚ್ಚಳಗಳು ಬೇರೆ ಬೇರೆ ಬಣ್ಣದವು, ಅದು ಅಲಂಕಾರಕ್ಕಲ್ಲ. ನೇರಳೆ ಮುಚ್ಚಳದ ನಳಿಕೆಯಲ್ಲಿ ಸಾಮಾನ್ಯವಾಗಿ ಇ.ಡಿ.ಟಿ.ಎ. ಎಂಬ ರಾಸಾಯನಿಕದ ಪೊಟ್ಯಾಸಿಯಂ ಲವಣವಿರುತ್ತದೆ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹೆಪ್ಪುಗಟ್ಟದಂತೆ ತಡೆಯುತ್ತದೆ. ಈ ರಕ್ತವನ್ನು ಅರಿಯದೆ ಬೇರೆ ನಳಿಕೆಗೆ ಸುರಿದರೆ ಪೊಟ್ಯಾಸಿಯಂ ಹೆಚ್ಚಾಗಿಯೂ ಕ್ಯಾಲ್ಸಿಯಂ ಕಡಿಮೆಯಾಗಿಯೂ ತೋರುತ್ತದೆ. ರೋಗಿಗೆ ಇಲ್ಲದ ರೋಗ ವರದಿಯಲ್ಲಿ ಹುಟ್ಟಿಕೊಳ್ಳುತ್ತದೆ! ಬೂದು ಮುಚ್ಚಳದ ನಳಿಕೆಯಲ್ಲಿರುವುದು ಫ್ಲೋರೈಡ್. ದೇಹದಿಂದ ಹೊರಬಂದ ಮೇಲೂ ರಕ್ತಕಣಗಳು ಗ್ಲೂಕೋಸನ್ನು ಬಳಸುತ್ತಲೇ ಇರುತ್ತವೆ. ಮಾಮೂಲಿ ನಳಿಕೆಯಲ್ಲಿ ಕೊಠಡಿಯ ಉಷ್ಣತೆಯಲ್ಲಿಟ್ಟ ರಕ್ತದ ಸಕ್ಕರೆ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಇಳಿಯುತ್ತದೆ. ಫ್ಲೋರೈಡ್ ಈ ಇಳಿಕೆಗೆ ತಡೆಯೊಡ್ಡುತ್ತದೆ.

ಎರಡನೆಯದು ಕ್ಷ-ಕಿರಣ. 1895ರಲ್ಲಿ ರಾಂಟ್‌ಜೆನ್ ಇದನ್ನು ಕಂಡುಹಿಡಿದಾಗ ಅಪಾಯದ ಅರಿವು ಇರಲಿಲ್ಲ. ಇಂದು ತಂತ್ರಜ್ಞರು ಸೀಸದ ಹೊದಿಕೆ ಧರಿಸುತ್ತಾರೆ, ತಾವು ಪಡೆದ ವಿಕಿರಣವನ್ನು ಅಳೆಯುವ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಭೌತಶಾಸ್ತ್ರದ ವಿಲೋಮ ವರ್ಗ ನಿಯಮ ನೆನಪಿದೆಯೇ? ಮೂಲದಿಂದ ಒಂದು ಮೀಟರ್ ದೂರದಲ್ಲಿದ್ದವರು ಎರಡು ಮೀಟರಿಗೆ ಸರಿದರೆ ತಗಲುವ ವಿಕಿರಣ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ, ಆಸ್ಪತ್ರೆಯಲ್ಲಿ ಪ್ರತಿದಿನದ ರಕ್ಷಣೆ.

ಮೂರನೆಯದು ಡಯಾಲಿಸಿಸ್. ಅರೆಪಾರಕ ಪೊರೆಯ ಒಂದು ಕಡೆ ರಕ್ತ, ಇನ್ನೊಂದು ಕಡೆ ಶುದ್ಧೀಕರಣ ದ್ರಾವಣ; ವಿಸರಣೆಯಿಂದ ಕಲ್ಮಶ ದಾಟಿಹೋಗುತ್ತದೆ. ದ್ರಾವಣ ನಿಮಿಷಕ್ಕೆ 500 ಮಿಲಿಲೀಟರ್ ಹರಿದರೆ ನಾಲ್ಕು ಗಂಟೆಗಳ ಒಂದು ಚಿಕಿತ್ಸೆಗೆ 120 ಲೀಟರ್ ಬೇಕು. ನಾವು ಕುಡಿಯುವ ನೀರಿನಲ್ಲಿರಬಹುದಾದ ಕ್ಲೋರಮೈನ್ ಈ ನೀರಿನಲ್ಲಿ ಉಳಿದರೆ ರಕ್ತಕಣಗಳೇ ಒಡೆಯುತ್ತವೆ. ನೀರನ್ನು ಪರೀಕ್ಷಿಸಿ, ಯಂತ್ರದ ಪಕ್ಕದಲ್ಲಿ ನಿಂತು, ರೋಗಿಯ ರಕ್ತದೊತ್ತಡ ಕುಸಿಯದಂತೆ ಕಣ್ಣಿಡುವವರು ತಂತ್ರಜ್ಞರು.

ತರಬೇತಿಯ ದಾರಿಗಳು

ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ರಾಜ್ಯದ ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾ. ಪಿ.ಯು.ಸಿ. ವಿಜ್ಞಾನ ಓದಿದವರಿಗೆ ಎರಡು ವರ್ಷ, ಎಸ್.ಎಸ್.ಎಲ್.ಸಿ. ಮುಗಿಸಿ ಬಂದವರಿಗೆ ಮೂರು ವರ್ಷ ಎಂಬ ಪದ್ಧತಿ ಇಲ್ಲಿ ಬೆಳೆದುಬಂದಿದೆ. ಎರಡು, 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್‌ಸಿ. ಪದವಿ. ಇದಕ್ಕೆ ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಆಸ್ಪತ್ರೆಯ ಇಂಟರ್ನ್‌ಷಿಪ್ ಸೇರಿ ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳು ತಮ್ಮದೇ ಶಿಕ್ಷಣಕ್ರಮಗಳನ್ನೂ ನಡೆಸುತ್ತವೆ.

ಎಸ್.ಎಸ್.ಎಲ್.ಸಿ. ಆದ ಕೂಡಲೇ ಡಿಪ್ಲೊಮಾ ಸೇರಿದರೆ ಬೇಗ ದುಡಿಮೆಗೆ ಇಳಿಯಬಹುದು ಎಂಬುದು ನಿಜ. ಮನೆಯ ಪರಿಸ್ಥಿತಿ ಹಾಗಿದ್ದರೆ ಅದು ಒಳ್ಳೆಯ ಆಯ್ಕೆಯೇ. ಆದರೆ ಮುಂದೆ ಪದವಿ ಓದಬೇಕೆನಿಸಿದಾಗ ಪಿ.ಯು.ಸಿ. ವಿಜ್ಞಾನ ಇಲ್ಲದಿರುವುದು ತೊಡಕಾಗಬಹುದು. ಎರಡು ವರ್ಷ ಕಾಯುವ ಅನುಕೂಲ ಇರುವವರು ಪಿ.ಯು.ಸಿ. ಮುಗಿಸಿಯೇ ಹೊರಡುವುದು ಲೇಸು.

ಸೇರುವ ಮುನ್ನ

ಒಮ್ಮೆ ನಮ್ಮ ಕಾರ್ಯಕ್ರಮಕ್ಕೆ ಕರೆ ಮಾಡಿದ ಯುವಕನೊಬ್ಬನ ದನಿ ಇನ್ನೂ ನನ್ನ ಕಿವಿಯಲ್ಲಿದೆ. ಜಾಹೀರಾತು ನಂಬಿ ಒಂದು ಸಂಸ್ಥೆ ಸೇರಿದ್ದ. ತಂದೆ ಸಾಲ ಮಾಡಿ ಶುಲ್ಕ ಕಟ್ಟಿದ್ದರು. ಸಂದರ್ಶನಕ್ಕೆ ಹೋದಲ್ಲಿ “ಈ ಪ್ರಮಾಣಪತ್ರಕ್ಕೆ ಮಾನ್ಯತೆ ಇಲ್ಲ” ಎಂದರಂತೆ. “ಈಗ ನಾನು ಏನು ಓದಿದ ಹಾಗಾಯಿತು ಸಾರ್?” ಎಂದು ಕೇಳಿದ. ಸ್ಟುಡಿಯೋದಲ್ಲಿದ್ದ ತಜ್ಞರು ಬೇರೆ ದಾರಿಗಳನ್ನು ಸೂಚಿಸಿದರು. ಹೋದ ವರ್ಷಗಳನ್ನು ಮರಳಿ ಕೊಡಲು ಯಾರಿಂದ ಸಾಧ್ಯ?

ವೈದ್ಯರಿಗೆ, ದಾದಿಯರಿಗೆ, ಔಷಧಗಾರರಿಗೆ ಬಹು ಹಿಂದೆಯೇ ಇದ್ದ ಕಾನೂನಿನ ಚೌಕಟ್ಟು ಈ ವೃತ್ತಿಗಳಿಗೆ ರಾಷ್ಟ್ರಮಟ್ಟದಲ್ಲಿ ದೊರೆತದ್ದು 2021ರ ಕಾಯ್ದೆಯಿಂದ. ರಾಷ್ಟ್ರಕ್ಕೊಂದು ಆಯೋಗ, ರಾಜ್ಯಗಳಲ್ಲಿ ಪರಿಷತ್ತುಗಳು, ವೃತ್ತಿನಿರತರ ನೋಂದಣಿ ಇವೆಲ್ಲವನ್ನೂ ಈ ಕಾಯ್ದೆ ವಿಧಿಸಿದೆ. ಅದರ ವ್ಯಾಖ್ಯೆಯ ಪ್ರಕಾರ ಸಹವರ್ತಿ ಆರೋಗ್ಯ ವೃತ್ತಿಯ ಡಿಪ್ಲೊಮಾ ಅಥವಾ ಪದವಿಯ ಅವಧಿ ಎರಡರಿಂದ ನಾಲ್ಕು ವರ್ಷಗಳಲ್ಲಿ ಕನಿಷ್ಠ 2,000 ಗಂಟೆ. ಈ ಒಂದು ಸಂಖ್ಯೆ ನಿಮ್ಮ ಅಳತೆಗೋಲಾಗಲಿ. ‘ಆರು ತಿಂಗಳು, ಭಾನುವಾರ ಮಾತ್ರ ನಾಲ್ಕು ಗಂಟೆ’ ಎಂಬ ಕೋರ್ಸಿನ ಲೆಕ್ಕ ಹಾಕಿ: 26 ಭಾನುವಾರಕ್ಕೆ 104 ಗಂಟೆ. ಉಳಿದ 1,896 ಗಂಟೆಗಳನ್ನು ನೀವು ಯಾವ ರೋಗಿಯ ಮೇಲೆ ಕಲಿಯುವಿರಿ?

ಆದ್ದರಿಂದ ಶುಲ್ಕ ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವವರು ಯಾರು: ಮಂಡಳಿಯೇ, ವಿಶ್ವವಿದ್ಯಾಲಯವೇ, ಬರೀ ಸಂಸ್ಥೆಯೇ? ಈ ವರ್ಷದ ಮಾನ್ಯತಾ ಪಟ್ಟಿಯಲ್ಲಿ ಸಂಸ್ಥೆಯ ಹೆಸರು ಇದೆಯೇ? ಪ್ರಾಯೋಗಿಕ ತರಬೇತಿ ಯಾವ ಆಸ್ಪತ್ರೆಯಲ್ಲಿ, ದಿನಕ್ಕೆ ಎಷ್ಟು ಹೊತ್ತು? ಹಿಂದಿನ ವರ್ಷ ಓದಿದವರು ಈಗ ಎಲ್ಲಿದ್ದಾರೆ? ಉತ್ತರವನ್ನು ಸಂಸ್ಥೆಯ ಕರಪತ್ರದಲ್ಲಿ ಹುಡುಕದೆ ಮಂಡಳಿ ಅಥವಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲೇ ಖಚಿತಪಡಿಸಿಕೊಳ್ಳಿ. ಹೊಸ ಕಾಯ್ದೆಯ ನಂತರ ಪ್ರವೇಶದ ನಿಯಮಗಳು ಬದಲಾಗುತ್ತಿರುವುದರಿಂದ ಅಣ್ಣನ ಕಾಲದ ಮಾಹಿತಿಯನ್ನು ತಮ್ಮ ನೆಚ್ಚಿಕೊಳ್ಳಬಾರದು.

ಉದ್ಯೋಗ ಮತ್ತು ಮುನ್ನಡೆ

ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು, ರೋಗಪತ್ತೆ ಕೇಂದ್ರಗಳು, ರಕ್ತನಿಧಿಗಳು, ಡಯಾಲಿಸಿಸ್ ಘಟಕಗಳಲ್ಲಿ ಅವಕಾಶಗಳಿವೆ. 2008ರಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆ ತುರ್ತು ಚಿಕಿತ್ಸಾ ಸಹಾಯಕರೆಂಬ ಇನ್ನೊಂದು ವೃತ್ತಿಯನ್ನು ಜನರಿಗೆ ಪರಿಚಯಿಸಿತು. ಅನುಭವ ಬಂದಂತೆ ಹಿರಿಯ ತಂತ್ರಜ್ಞ, ಮೇಲ್ವಿಚಾರಕ, ಗುಣಮಟ್ಟ ನಿರ್ವಾಹಕ ಹುದ್ದೆಗಳಿಗೆ ಏರಬಹುದು, ಪದವೀಧರರು ಎಂ.ಎಸ್‌ಸಿ. ಮುಗಿಸಿ ಬೋಧಕರಾಗಬಹುದು.

ಕಷ್ಟಗಳನ್ನೂ ಮುಚ್ಚಿಡಬಾರದು. ರಾತ್ರಿ ಪಾಳಿ ಇರುತ್ತದೆ. ಎಷ್ಟೋ ಕಡೆ ಮೊದಲ ಕೆಲಸ ಗುತ್ತಿಗೆಯ ಮೇಲೆ, ಸಂಬಳವೂ ಸಾಧಾರಣ. ಸೂಜಿ ಚುಚ್ಚಿ ಸೋಂಕು ತಗಲುವ ಅಪಾಯವಿದೆ. ತರಬೇತಿಗೆ ಮುನ್ನವೇ ಹೆಪಟೈಟಿಸ್-ಬಿ ಲಸಿಕೆ ಪಡೆಯಬೇಕು. ರಕ್ತ ಕಂಡರೆ ತಲೆ ತಿರುಗುವವರು ಬೇಸರಿಸಬೇಕಿಲ್ಲ, ದಾಖಲೆ ನಿರ್ವಹಣೆಯಂಥ ವಿಭಾಗಗಳೂ ಇವೆ.

ಅಂದು ನಾವು ಕೊನೆಗೆ ಖಾಲಿ ನಳಿಕೆಯನ್ನೇ ಚಿತ್ರೀಕರಿಸಿದೆವು. ಆ ತಂತ್ರಜ್ಞೆ ಚೀಟಿಯನ್ನು ಇನ್ನೊಮ್ಮೆ ಓದಿ, ರಿಜಿಸ್ಟರಿನೊಡನೆ ತಾಳೆ ನೋಡಿ, ಪರೀಕ್ಷೆಗೆ ತೊಡಗಿದರು. ಆ ರೋಗಿ ಅವರ ಮುಖವನ್ನೂ ನೋಡಿರಲಿಕ್ಕಿಲ್ಲ. ಯಾರೂ ನೋಡದಿದ್ದಾಗಲೂ ಚೀಟಿಯನ್ನು ಎರಡು ಬಾರಿ ಓದುವ ಸ್ವಭಾವ ನಿಮ್ಮದಾಗಿದ್ದರೆ, ಮಾನ್ಯತೆ ಇರುವ ಸಂಸ್ಥೆಯನ್ನು ವಿಚಾರಿಸಿ ಸೇರಿ. ಆಸ್ಪತ್ರೆಗೆ ನಿಮ್ಮ ಅಗತ್ಯವಿದೆ.