ಮನೆಯಂಗಳದ ಸ್ಟ್ರಾಬೆರಿಯೂ ಹೈದರಾಬಾದಿನ ಬಿಸಿಲೂ

ಸಿಕಂದರಾಬಾದಿನ ವಾಚಕ ಸೋದರಿಯೊಬ್ಬರು ನಮಗೊಂದು ಕಾಗದ ಬರೆದಿದ್ದಾರೆ. ಎರಡು ವರ್ಷಗಳಿಂದ ತಮ್ಮ ಮಾಳಿಗೆಯ ಮೇಲೆ ಸ್ಟ್ರಾಬೆರಿ ಗಿಡಗಳನ್ನು ಬೆಳೆಸುತ್ತಿದ್ದಾರಂತೆ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗೆ ಮೊಮ್ಮಕ್ಕಳ ಕೈತುಂಬ ಹಣ್ಣು ಕೊಟ್ಟ ಗಿಡಗಳು, ಯುಗಾದಿ ಕಳೆಯುತ್ತಲೇ ಒಂದೊಂದಾಗಿ ಸೀದುಹೋದುವಂತೆ. ನೀರು ಹೆಚ್ಚಿಸಿದರೂ ಉಳಿಯಲಿಲ್ಲ, ಗೊಬ್ಬರವಿಟ್ಟರೂ ಉಳಿಯಲಿಲ್ಲ. ತಮ್ಮ ಕೈಗುಣವೇ ಸರಿಯಿಲ್ಲವೇನೋ, ಈ ಸಲ ಈ ಗೊಡವೆಯನ್ನೇ ಬಿಟ್ಟುಬಿಡೋಣವೆಂದಿದ್ದೇನೆ ಎಂದು ಕಾಗದವನ್ನು ಮುಗಿಸಿದ್ದಾರೆ.

ಕೈಗುಣದ ಮಾತನ್ನು ನಾವು ಒಪ್ಪುವುದಿಲ್ಲ. ಇಲ್ಲಿ ತಪ್ಪಿರುವುದು ಕೈಯಲ್ಲಲ್ಲ, ಲೆಕ್ಕದಲ್ಲಿ. ಮಲ್ಲಿಗೆ ದಾಸವಾಳಗಳಂತೆ ಇದೂ ವರ್ಷವಿಡೀ ಅಂಗಳದಲ್ಲಿ ನಿಲ್ಲುವ ಗಿಡವೆಂದು ನಾವು ಭಾವಿಸುತ್ತೇವೆ. ಆದರೆ ಈ ಗಿಡದ ಮೂಲವಾದರೂ ಎಲ್ಲಿಯದು? ಉತ್ತರ ಅಮೆರಿಕೆಯ ಒಂದು ಜಾತಿಯೂ ದಕ್ಷಿಣ ಅಮೆರಿಕೆಯ ಚಿಲಿ ದೇಶದ ಮತ್ತೊಂದು ಜಾತಿಯೂ ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನ ತೋಟಗಳಲ್ಲಿ ಬೆರೆತು ಹುಟ್ಟಿದ ಮಿಶ್ರಸಂತಾನವೇ ಇಂದು ನಾವು ತಿನ್ನುವ ಸ್ಟ್ರಾಬೆರಿ. ತಂಪು ಇದರ ಹುಟ್ಟುಗುಣ. ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದ ಮಹಾಬಲೇಶ್ವರವಾದರೋ ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಯ ಹಣ್ಣಿಗೆ 2010ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆಯಿತು. ಅಂತಹ ತಂಪು ಊರಿನ ರೈತರೂ ಹಳೆಯ ಗಿಡಗಳನ್ನು ನೆಚ್ಚಿ ಕೂಡುವುದಿಲ್ಲ. ಮಳೆಗಾಲ ಮುಗಿಯುತ್ತಲೇ ಹೊಸ ಸಸಿಗಳನ್ನು ನೆಟ್ಟು, ಬೇಸಗೆಯವರೆಗೆ ಫಲವನ್ನು ಪಡೆದು, ಮುಂದಿನ ವರ್ಷಕ್ಕೆ ಮತ್ತೆ ಹೊಸದನ್ನೇ ನೆಡುತ್ತಾರೆ. ಅವರೇ ಹೀಗಿರುವಾಗ, ಐನೂರು ಚಿಲ್ಲರೆ ಮೀಟರು ಎತ್ತರದ, ಮೇ ತಿಂಗಳಿನಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಹೈದರಾಬಾದಿನಲ್ಲಿ ಗಿಡ ಸೀದುಹೋಯಿತೆಂದು ಮರುಗುವುದೇಕೆ?

ಆದುದರಿಂದ ಮೊದಲು ಕಾಲವನ್ನು ಅರಿಯಬೇಕು. ಹಗಲು ಕುಗ್ಗಿ ರಾತ್ರಿ ತಂಪಾಗುವಾಗ ಈ ಗಿಡ ಮೊಗ್ಗು ಕಟ್ಟುತ್ತದೆ. ಹಗಲು ಹಿಗ್ಗಿ ಸೆಕೆ ಏರುವಾಗ ಹೂವನ್ನು ಬಿಟ್ಟು ಹಂಬು ಹರಿಸುತ್ತದೆ. ನಮ್ಮ ಊರಿಗೆ ದಸರೆಯ ಆಚೀಚೆಯ ದಿನಗಳೇ ನಾಟಿಗೆ ತಕ್ಕವು. ಆಗ ನೆಟ್ಟದ್ದು ನಾಂಪಲ್ಲಿಯಲ್ಲಿ ನುಮಾಯಿಷ್ ತೆರೆಯುವ ಹೊತ್ತಿಗೆ ಹಣ್ಣು ತೋರಿಸುತ್ತದೆ. ಡಿಸೆಂಬರಿನಲ್ಲಿ ಹೂವಿನ ಆಸೆಯಿಂದ ಸಸಿ ಕೊಳ್ಳುವವರು ಅರ್ಧ ಫಸಲನ್ನು ಆಗಲೇ ಕಳೆದುಕೊಂಡಿರುತ್ತಾರೆ.

ಎರಡನೆಯದು ಸುಳಿಯ ವಿಚಾರ. ಬೇರು ಮುಗಿದು ಎಲೆಗಳು ಹೊರಡುವ ಗಿಡ್ಡನೆಯ ಗಂಟೇ ಈ ಗಿಡದ ಸುಳಿ, ಜೀವವೆಲ್ಲ ಅಲ್ಲಿದೆ. ನೆಡುವಾಗ ಸುಳಿಯ ನಡುಮಟ್ಟ ಮಣ್ಣಿನ ಮೇಲ್ಮಟ್ಟಕ್ಕೆ ಸರಿಯಾಗಿರಬೇಕು. ಹೂತರೆ ಕೊಳೆಯುತ್ತದೆ, ಮೇಲೆದ್ದರೆ ಬೇರು ಒಣಗುತ್ತದೆ. ಇದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ನಮ್ಮಲ್ಲಿ ದಿನವೂ ಬುಟ್ಟಿಗಟ್ಟಲೆ ಕಾಫಿಗಸಿ ಬೀಳುತ್ತಿತ್ತು. ಸ್ಟ್ರಾಬೆರಿಗೆ ಕೊಂಚ ಹುಳಿಮಣ್ಣು ಹಿತ, ಗಸಿಯಲ್ಲಿ ಹುಳಿಯಿದೆ ಎಂದು ಯಾರೋ ಹೇಳಿದ ಮಾತನ್ನು ನಂಬಿ, ಇಪ್ಪತ್ತು ಗಿಡಗಳ ಸುಳಿ ಮುಚ್ಚುವಷ್ಟು ಗಸಿಯನ್ನು ಹಾಕಿದೆವು. ಗಸಿ ಗಾರೆಯಂತೆ ಗಟ್ಟಿ ಕಟ್ಟಿ, ನೀರು ಸುಳಿಯ ಸುತ್ತ ನಿಂತು, ಹದಿನೈದು ದಿನಗಳಲ್ಲಿ ಹದಿನೇಳು ಗಿಡಗಳು ಕೊಳೆತುವು. ಹುಳಿಯಲ್ಲಿ ಬಹುಪಾಲು ಡಿಕಾಕ್ಷನ್ನಿನೊಡನೆ ಇಳಿದು ಗಿರಾಕಿಯ ಲೋಟ ಸೇರಿರುತ್ತದೆ, ನಮಗೆ ಉಳಿಯುವುದು ಬರಿಯ ಚರಟ, ಎಂಬುದು ಆಮೇಲೆ ತಿಳಿಯಿತು. ಇಪ್ಪತ್ತು ವರ್ಷ ಕಾಫಿ ಇಳಿಸಿದವರಿಗೆ ಇಷ್ಟು ತೋಚದೆ ಹೋದುದು ನಾಚಿಕೆಯ ಸಂಗತಿಯೇ. ಗಸಿಯನ್ನು ಹಾಕಲೇಬೇಕೆಂದರೆ ಇತರ ಕಸದೊಡನೆ ಗೊಬ್ಬರದ ಗುಂಡಿಗೆ ಹಾಕಿ ಕಳಿಯಿಸಿ ಹಾಕುವುದು ಲೇಸು.

ಮಣ್ಣು ನೀರನ್ನು ಹಿಡಿಯಬೇಕು, ಆದರೆ ನಿಲ್ಲಿಸಬಾರದು. ಬರಿಯ ಎರೆಮಣ್ಣು ಸಲ್ಲದು. ಕೆಮ್ಮಣ್ಣು, ಕಳಿತ ಕೊಟ್ಟಿಗೆಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮವಾಗಿ ಬೆರೆಸಿದರೆ ಸಾಕು. ಬೇರುಗಳು ಹೆಚ್ಚಾಗಿ ಮೇಲಿನ ಒಂದು ಗೇಣಿನಲ್ಲಿಯೇ ಹರಡುವುದರಿಂದ ಆಳವಾದ ಕುಂಡ ಬೇಡ, ಅಗಲವಾದದ್ದು ಬೇಕು. ಗಿಡದಿಂದ ಗಿಡಕ್ಕೆ ಒಂದು ಅಡಿ ಇರಲಿ. ಎಣ್ಣೆಯ ಖಾಲಿ ತಗಡಿನ ಡಬ್ಬಗಳನ್ನು ನಾವೂ ಬಳಸಿ ನೋಡಿದ್ದೇವೆ. ಚಳಿಯಲ್ಲಿ ಅಡ್ಡಿಯಿಲ್ಲ; ಮಾರ್ಚಿ ಬಂದಿತೆಂದರೆ ತಗಡು ಕಾದು ಬೇರು ಬೇಯುತ್ತದೆ. ಮಣ್ಣಿನ ಕುಂಡಕ್ಕೆ ಸಾಟಿಯಿಲ್ಲ.

ನೀರಿನದೇ ನಮ್ಮ ಊರಿನ ದೊಡ್ಡ ತೊಡಕು. ಈ ಗಿಡ ಉಪ್ಪನ್ನು ಸಹಿಸದು. ಕೊಳವೆಬಾವಿಯ ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಕುಂಡದ ಅಂಚಿನಲ್ಲಿ ಬೆಳ್ಳಗೆ ಪೊರೆ ಕಟ್ಟುತ್ತದೆ. ಬೆನ್ನಿಗೇ ಎಲೆಯ ಅಂಚು ಕಂದಾಗಿ ಸುಡುತ್ತದೆ. ಬಿಸಿಲಿಗೆ ಸುಟ್ಟಿತೆಂದು ತಿಳಿದು ಅದೇ ನೀರನ್ನು ಇನ್ನಷ್ಟು ಹೊಯ್ಯುವವರುಂಟು. ನಮ್ಮ ಸೋದರಿಯೂ ಒಮ್ಮೆ ತಮ್ಮ ಕುಂಡಗಳ ಅಂಚನ್ನು ನೋಡಬೇಕು. ನಲ್ಲಿಯ ನೀರನ್ನು ರಾತ್ರಿ ಬಕೆಟ್ಟಿನಲ್ಲಿ ತೆರೆದಿಟ್ಟು ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕುವುದು ಮೇಲು. ಈ ನಗರದ ನಲ್ಲಿಗಳಲ್ಲಿ ಬರುವ ಕೃಷ್ಣೆಯ ನೀರು ಹುಟ್ಟುವುದು ಮಹಾಬಲೇಶ್ವರದಲ್ಲಿಯೇ. ಬಾಗಲಕೋಟೆ ರಾಯಚೂರುಗಳ ನೆಲವನ್ನು ಹಾದು, ನಾಗಾರ್ಜುನಸಾಗರದಲ್ಲಿ ತಂಗಿ, ತನ್ನ ತವರಿನ ಸಸಿಯನ್ನು ಇಲ್ಲಿ ನಮ್ಮ ಮಾಳಿಗೆಯ ಮೇಲೆ ಕಾಣುತ್ತದೆಂದು ನೆನೆದಾಗ ನಮಗೆ ಏನೋ ಒಂದು ಸಂತೋಷ.

ನೆಟ್ಟ ಮೊದಲ ತಿಂಗಳ ಹೂಗಳನ್ನು ಚಿವುಟಿಹಾಕಬೇಕು. ಮನಸ್ಸು ಬಾರದು, ಆದರೂ ಗಿಡ ಬಲಿಯಲು ಅದೇ ದಾರಿ. ಆಮೇಲಿನ ಹೂಗಳಿಗೆ ಜೇನುನೊಣ ಬರುವಂತಿರಬೇಕು. ಹಣ್ಣಿನ ಮೈಮೇಲೆ ಎಳ್ಳಿನಂತೆ ಕಾಣುವ ಕಾಳುಗಳೇ ಶಾಸ್ತ್ರದ ಪ್ರಕಾರ ನಿಜವಾದ ಕಾಯಿಗಳು. ನಾವು ತಿನ್ನುವ ತಿರುಳು ಹೂವಿನ ಪೀಠ ಊದಿಕೊಂಡದ್ದು. ಪರಾಗ ತಗಲದ ಕಡೆ ಕಾಳು ಬಲಿಯದೆ ತಿರುಳೂ ಊದದು. ಸೊಟ್ಟ ಹಣ್ಣಿಗೆ ಬಹುಮಟ್ಟಿಗೆ ಇದೇ ಕಾರಣ. ಎತ್ತರದ ಮಹಡಿಗಳಲ್ಲಿ ಜೇನು ಬಾರದಿದ್ದರೆ ಮಕ್ಕಳ ಬಣ್ಣದ ಕುಂಚದಿಂದ ಹೂವನ್ನು ಮೆಲ್ಲನೆ ಸವರಬಹುದು. ಕಾಯಿ ಮಣ್ಣಿಗೆ ತಗಲಿ ಬೂಷ್ಟು ಹಿಡಿಯದಂತೆ ಕೆಳಗೆ ಒಣಹುಲ್ಲನ್ನು ಹಾಸಿ, ಅಳಿಲು ಪಿಕಳಾರಗಳಿಗೆ ಬಲೆ ಕಟ್ಟಿರಿ. ಹೂವಾದ ಸುಮಾರು ನಾಲ್ಕು ವಾರಕ್ಕೆ ಹಣ್ಣು ಸಿದ್ಧ. ಇದು ಮಾವಿನಂತೆ ಹುಲ್ಲಿನಲ್ಲಿಟ್ಟರೆ ಹಣ್ಣಾಗುವುದಿಲ್ಲ. ತುದಿಯಿಂದ ತೊಟ್ಟಿನವರೆಗೆ ಕೆಂಪೇರಿದ ಮೇಲೆಯೇ ಕೀಳಬೇಕು. ಪೇಟೆಯ ಪೆಟ್ಟಿಗೆಯ ಹಣ್ಣು ದಾರಿಯ ಪೆಟ್ಟು ತಾಳಲೆಂದು ಸ್ವಲ್ಪ ಮುಂಚೆಯೇ ಕಿತ್ತದ್ದು. ಮನೆಯ ಹಣ್ಣಿನ ರುಚಿಯೇ ಬೇರೆ.

ಫೆಬ್ರವರಿ ಕಳೆದು ಗಾಳಿ ಒಣಗುತ್ತಲೇ ಎಲೆಯ ಅಡಿಯಲ್ಲಿ ಕೆಂಪು ನುಸಿ ಸೇರುತ್ತದೆ. ವಾರಕ್ಕೊಮ್ಮೆ ಎಲೆ ಮಗುಚಿ ನೋಡಿ, ಕಂಡರೆ ಬೇವಿನೆಣ್ಣೆಯನ್ನು ಸಂಜೆಯ ಹೊತ್ತು ಸಿಂಪಡಿಸಬೇಕು.

ಇನ್ನು ಸೋದರಿಯ ಮುಖ್ಯ ಪ್ರಶ್ನೆ, ಬೇಸಗೆ. ತಾಯಿಗಿಡವನ್ನು ಉಳಿಸಲು ಹೆಣಗುವುದನ್ನು ನಾವು ಬಿಟ್ಟಿದ್ದೇವೆ. ಹಣ್ಣು ಕಡಿಮೆಯಾಗುತ್ತಲೇ ಅದು ದಾರದಂತಹ ಹಂಬುಗಳನ್ನು ಬಿಡುತ್ತದೆ; ತುದಿಯಲ್ಲಿ ಮರಿಗಿಡ. ಅದನ್ನು ಕತ್ತರಿಸದೆ, ಪಕ್ಕದಲ್ಲಿ ಪುಟ್ಟ ಕುಂಡವಿಟ್ಟು, ಬಾಗಿದ ತಂತಿಯಿಂದ ಮಣ್ಣಿಗೆ ಒತ್ತಿ ನಿಲ್ಲಿಸಿರಿ. ಐದಾರು ವಾರದಲ್ಲಿ ಬೇರು ಬಿಟ್ಟ ಮೇಲೆ ಬೇರ್ಪಡಿಸಿ, ಮಾಳಿಗೆಯಿಂದ ಕೆಳಗಿಳಿಸಿ, ಎಳೆಬಿಸಿಲು ಮಾತ್ರ ಬೀಳುವ ಮೂಡಣ ಗೋಡೆಯ ನೆರಳಿನಲ್ಲಿ ಇಡಿರಿ. ಮಳೆಗಾಲದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿರಿ. ಎಲ್ಲವೂ ಉಳಿಯುವುದಿಲ್ಲ. ಕಳೆದ ಬೇಸಗೆಯಲ್ಲಿ ನಾವು ಇಳಿಸಿದ ಹನ್ನೆರಡರಲ್ಲಿ ಉಳಿದುವು ಐದು. ಅವುಗಳ ಹಣ್ಣೂ ಹೊಸ ಸಸಿಗಳ ಹಣ್ಣಿಗಿಂತ ಸಣ್ಣವು. ಹಳೆಯ ಗಿಡದ ರೋಗ ಮರಿಗೂ ಬರುವುದರಿಂದ ಎರಡು ಮೂರು ವರ್ಷಕ್ಕೊಮ್ಮೆ ಹೊಸ ಸಸಿ ತರುವುದೂ ತಪ್ಪದು.

ಸೋದರಿಯ ಕುಂಡಗಳಲ್ಲಿ ಹಂಬು ಬಂದಿತ್ತೇ, ಬಂದಿದ್ದರೆ ಕಳೆಯೆಂದು ಕಿತ್ತುಹಾಕಿದರೇ ಎಂಬುದನ್ನು ಕಾಗದದಲ್ಲಿ ತಿಳಿಸಿಲ್ಲ. ದಸರೆಗೆ ಮುಂಚೆ ಬರೆದು ತಿಳಿಸಿದರೆ, ನಮ್ಮ ಐದರಲ್ಲಿ ಎರಡು ಗಿಡಗಳನ್ನು ಅವರ ಮೊಮ್ಮಕ್ಕಳಿಗಾಗಿ ಕಚೇರಿಯಲ್ಲಿ ತೆಗೆದಿರಿಸುತ್ತೇವೆ.